ದಾವೆಗೆ ಸಂಬಂಧವಿಲ್ಲದ ಪ್ರಶ್ನೆ

ಮುದ್ದೇಬಿಹಾಳದ ಸಂಕರ್ಷಣರಾವ್ ವಕೀಲರಿಗೆ ಸಿಟ್ಟು ಬಂದರೆ ಮೊದಲು ಮೂಗಿನ ತುದಿ ಕೆಂಪಾಗುತ್ತಿತ್ತು, ಆಮೇಲೆ ಬಾಯಲ್ಲಿ ಮರಾಠಿ ಬರುತ್ತಿತ್ತು. ಆ ದಿನ ಬೆಳಿಗ್ಗೆ ಎರಡೂ ಆಗಿದ್ದವು. ಕಾರಣ, ಸಿವಿಲ್ ದಾವೆಗಳ ಕಾಯ್ದೆಗೆ ರಾಜ್ಯ ಸರ್ಕಾರ ತಂದ ತಿದ್ದುಪಡಿ. ಇನ್ನು ಮೇಲೆ ವಾದಿ ಪ್ರತಿವಾದಿಗಳು ಮೊದಲು ಮಧ್ಯಸ್ಥಿಕೆಗೆ ಕೂರಬೇಕು. ಅಲ್ಲಿ ಬಗೆಹರಿಯದಿದ್ದರೆ ವಿಚಾರಣೆ, ಅದಕ್ಕೂ ಮೊದಲೇ ವೇಳಾಪಟ್ಟಿ. ಬೇಕೆಂದಾಗ ಮುದ್ದತ್ತು ಕೇಳಿ ಕೇಸನ್ನು ಮುಂದಿನ ತಾರೀಖಿಗೆ ದೂಡುವ ಹಾಗಿಲ್ಲ.

ಮುದ್ದತ್ತು ಕೇಳಬೇಡಿ ಎಂದು ರಾಯರಿಗೆ ಹೇಳುವುದೆಂದರೆ ಏನು ಸಾಮಾನ್ಯದ ಮಾತೇ? ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ, ಈ ನಾಲ್ಕು ಕೋರ್ಟುಗಳಲ್ಲಿ ಅವರಂತೆ ಮುದ್ದತ್ತು ತೆಗೆಯುವವರು ಇನ್ನೊಬ್ಬರಿರಲಿಲ್ಲ. ಸಾಕ್ಷಿ ಬಂದಿಲ್ಲ, ನಕಾಶೆ ಸಿಕ್ಕಿಲ್ಲ, ಬಾಗೇವಾಡಿಯಲ್ಲಿ ಇನ್ನೊಂದು ಕೇಸು ಕೂಗಿದ್ದಾರೆ. ಯಾವ ಕಾರಣವನ್ನು ಯಾವ ನ್ಯಾಯಾಧೀಶರ ಮುಂದೆ ಊಟಕ್ಕೆ ಮೊದಲು ಇಡಬೇಕು, ಯಾವುದನ್ನು ಊಟದ ನಂತರ ಇಡಬೇಕು ಎಂಬುದು ಅವರಿಗೆ ಕರತಲಾಮಲಕ. ಇದನ್ನು ಅವರು ಸೋಮಾರಿತನ ಎಂದುಕೊಂಡಿರಲಿಲ್ಲ, ವಿದ್ಯೆ ಎಂದುಕೊಂಡಿದ್ದರು. "ವ್ಯಾಜ್ಯ ಅಂದ್ರ ಉಪ್ಪಿನಕಾಯಿ ಇದ್ದಂಗ. ಕೂತಷ್ಟೂ ಹದಾ ಬರ್ತದ" ಎಂದು ಕಿರಿಯ ವಕೀಲರಿಗೆ ಪಾಠ ಹೇಳುತ್ತಿದ್ದರು. ಉಪ್ಪಿನಕಾಯಿಗೆ ಬೂಷ್ಟೂ ಹಿಡಿಯುತ್ತದೆ ಎಂದು ಅವರಿಗೆ ಯಾರೂ ತಿರುಗಿ ಹೇಳಿರಲಿಲ್ಲ.

ಹೇಳುವ ಧೈರ್ಯವಿದ್ದವರು ಹೆಂಡತಿ ವೆಂಕೂಬಾಯಿ ಒಬ್ಬರೇ.

"ಹ್ವಾದ ವರ್ಷ ಆ ಕ್ರಿಮಿನಲ್ ಕಾಯ್ದೆ ಬದಲಾತು ಅಂತ ಕೂಗಾಡಿದ್ರಿ. ಮೋಸದ ಕಲಮು ನಾಲ್ಕುನೂರಾ ಇಪ್ಪತ್ತು ಹೋಗಿ ಮುನ್ನೂರಾ ಹದಿನೆಂಟು ಬಂತು ಅಂತ ಒಪ್ಪತ್ತು ಊಟಾ ಬಿಟ್ರಿ. ಈಗ ಇದು. ಕಾಯ್ದೆ ಬದಲಾ ಮಾಡೂದು ಅವರ ಕೆಲಸ, ಓದೂದು ನಿಮ್ಮ ಕೆಲಸ. ಚಹಾ ಆರ್ಲಿಕ್ಕತ್ತದ, ಮೊದಲ ಕುಡೀರಿ."

"ಆ ಮಧ್ಯಸ್ಥಿಕಿಯೊಳಗ ವಕೀಲರು ಬಾಯಿ ಮುಚಗೊಂಡು ಕೂಡಬೇಕಂತ! ಪಕ್ಷಗಾರರು ತಾವ ಮಾತಾಡ್ತಾರಂತ! ಮತ್ತ ನಾವ್ಯಾಕ ಕರೀ ಕೋಟು ಹಾಕ್ಕೊಂಡಿದ್ದು?"

"ನನಗೂ ಅದ ಸಂಶಯ ಭಾಳ ದಿನದಿಂದ ಅದ" ಎಂದು ವೆಂಕೂಬಾಯಿ ಕಪ್ಪು ಮುಂದೆ ಸರಿಸಿದರು.

ಆದರೆ ರಾಯರಲ್ಲಿ ಸಿಟ್ಟಿಗಿಂತ ದೊಡ್ಡದಾದ ಚಟವೊಂದಿತ್ತು, ಅದು ಕುತೂಹಲ. ದಾರಿಯಲ್ಲಿ ಯಾರಾದರೂ ಬೋರು ಕೊರೆಸುತ್ತಿದ್ದರೆ ನೀರು ಬೀಳುವವರೆಗೆ ಸ್ಕೂಟರ್ ನಿಲ್ಲಿಸಿ ನೋಡುವ ಮನುಷ್ಯ. ಬೈಯುತ್ತಲೇ ಆ ತಿದ್ದುಪಡಿಯನ್ನು ಅವರು ಕೆಂಪು ಪೆನ್ಸಿಲ್ ಹಿಡಿದು ಓದಿ ಮುಗಿಸಿದ್ದರು. ವಕೀಲರು ಸುಮ್ಮನಿರುವ ಕೋಣೆ ಹೇಗಿರುತ್ತದೆ, ಅಲ್ಲಿ ಜನ ಏನು ಮಾತಾಡುತ್ತಾರೆ ಎಂದು ನೋಡುವ ಆಸೆ ಹುಟ್ಟಿತ್ತು. ಬಾಯಿ ಬಿಟ್ಟು ಹೇಳಿದರೆ ಹೆಂಡತಿ ನಕ್ಕಾಳೆಂದು ಸುಮ್ಮನಿದ್ದರು.

ನೋಡುವ ಯೋಗ ಬೇಗನೆ ಬಂತು. ನ್ಯಾಯಾಧೀಶರು ಹಳೆಯ ದಾವೆಗಳನ್ನೂ ಮಧ್ಯಸ್ಥಿಕೆಗೆ ಕಳಿಸತೊಡಗಿದರು, ಅವುಗಳಲ್ಲಿ ಮೊದಲನೆಯದೇ ಗುರವ್ವನ ವಾಟ್ನಿ ದಾವೆ, ಅಂದರೆ ಆಸ್ತಿ ಪಾಲಿನ ದಾವೆ.

ಗುರವ್ವನನ್ನು ಹೂವಿನ ಹಿಪ್ಪರಗಿಗೆ ಕೊಟ್ಟಿತ್ತು. ತವರು ತಾಳಿಕೋಟೆ ಕಡೆಯ ಒಂದು ಹಳ್ಳಿ. ಅಪ್ಪ ತೀರಿದ ಮೇಲೆ ಹೊಲದಲ್ಲಿ ತನಗೂ ಪಾಲು ಬೇಕೆಂದು ಆಕೆ ತಮ್ಮ ಬಸಂತರಾಯನ ಮೇಲೆ ದಾವೆ ಹೂಡಿದ್ದಳು. ಬಸಂತರಾಯನ ವಕೀಲರು ನಮ್ಮ ರಾಯರು. ಅವರ ವಿದ್ಯೆಯ ಬಲದಿಂದ ಆ ದಾವೆ ಒಂಬತ್ತು ವರ್ಷ ಹದವಾಗಿ ಕೂತಿತ್ತು.

ಆ ಕೇಸಿನ ಒಂದು ಗಳಿಗೆಯನ್ನು ಮಾತ್ರ ರಾಯರಿಗೆ ಮರೆಯಲು ಆಗಿರಲಿಲ್ಲ. ಗುರವ್ವನ ಪಾಟೀಸವಾಲು ನಡೆದಿತ್ತು. "ಮದುವ್ಯಾಗ ನಿಮ್ಮಪ್ಪ ನಿಮಗ ಬಂಗಾರ ಹಾಕಿದ್ದು ಖರೇನೋ ಸುಳ್ಳೋ?" ಎಂದು ರಾಯರು ಕೇಳಿದ್ದರು. ಆಕೆ ಅವರ ಕಡೆ ನೋಡಲೇ ಇಲ್ಲ. ಕಟಕಟೆಯಲ್ಲಿ ನಿಂತುಕೊಂಡೇ ಹಿಂದಿನ ಬಾಗಿಲ ಹತ್ತಿರ ನಿಂತಿದ್ದ ತಮ್ಮನ ಕಡೆ ತಿರುಗಿ, "ಬಸೂ, ನನ್ನ ಪಂಚಮಿಗೆ ಕರಿಯಾಕ ಬರೂದು ಯಾಕ ಬಿಟ್ಟಿ?" ಎಂದಳು.

ರಾಯರು ಎದ್ದು ನಿಂತು, ಇದು ದಾವೆಗೆ ಸಂಬಂಧವಿಲ್ಲದ ಪ್ರಶ್ನೆ ಎಂದು ತಕರಾರು ತೆಗೆದರು. ನ್ಯಾಯಾಧೀಶರು, "ಅಮ್ಮಾ, ಕೇಳಿದ್ದಕ್ಕೆ ಉತ್ತರ ಕೊಡಿ. ಇಲ್ಲಿ ನೀವು ಪ್ರಶ್ನೆ ಕೇಳುವ ಹಾಗಿಲ್ಲ" ಎಂದರು. "ಮತ್ತ ಎಲ್ಲಿ ಕೇಳ್ಬೇಕ್ರಿ?" ಎಂದು ಗುರವ್ವ ಕೇಳಿದಳು. ರಾಯರು ಬಂಗಾರದ ಪ್ರಶ್ನೆಯನ್ನು ಮತ್ತೆ ಕೇಳಿದರು.

ಆ ಸೀಮೆಯಲ್ಲಿ ನಾಗರ ಪಂಚಮಿ ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಬಂದು ಕರೆಯಬೇಕು, ಆಗಲೇ ತವರಿಗೆ ಹೋಗುವುದು. ಕರೆಯಲು ಬಾರದೆ ತಾನಾಗಿ ಹೋದರೆ ಮರ್ಯಾದೆ ಇಲ್ಲ, ಹೋಗದಿದ್ದರೆ ಓಣಿಯವರ ಬಾಯಿಗೆ ಉತ್ತರ ಹೇಳಿ ಸಾಕಾಗುತ್ತದೆ. ಹೆಣ್ಣುಮಗಳು ಪಾಲು ಕೇಳಿದಳೆಂದರೆ ತವರು ಬಿಟ್ಟಳು ಎಂದೇ ಲೆಕ್ಕ ಹಾಕುವ ಜನವೂ ಇದೆ. ಬಸಂತರಾಯ ಅಂಥವನಂತೆ ಕಾಣುತ್ತಿರಲಿಲ್ಲ. ಹಾಗಾದರೆ ಯಾಕೆ ಬರುವುದು ಬಿಟ್ಟ? ಹೆಂಡತಿಯ ಮಾತೋ, ದಾವೆ ಹೂಡಿದ ಸಿಟ್ಟೋ, ನಾಚಿಕೆಯೋ? ತಕರಾರು ತೆಗೆದವರು ತಾವೇ ಆದರೂ ರಾಯರ ತಲೆಯಲ್ಲಿ ಆ ಪ್ರಶ್ನೆ ಆಗಾಗ ಎದ್ದು ಕೂರುತ್ತಿತ್ತು. ತಮ್ಮ ಪಕ್ಷಗಾರನನ್ನೇ ಒಮ್ಮೆ ಕೇಳಬಹುದಾಗಿತ್ತು, ಕೇಳಲಿಲ್ಲ. ಕೇಸಿಗೆ ಬೇಡವಾದದ್ದನ್ನು ಪಕ್ಷಗಾರನಿಂದ ಕೇಳಿ ಅವರಿಗೆ ರೂಢಿಯಿರಲಿಲ್ಲ.

ಮಧ್ಯಸ್ಥಿಕೆಗೆ ಇಂಡಿಯಿಂದ ರಾಜೇಶ್ವರಿ ವಕೀಲರು ಬಂದಿದ್ದರು. ಅದಕ್ಕೆಂದೇ ತರಬೇತಿ ಪಡೆದವರು. ಹಿಂದೊಮ್ಮೆ ಸಿಂದಗಿ ಕೋರ್ಟಿನಲ್ಲಿ ಬದುವಿನ ಕೇಸೊಂದರಲ್ಲಿ ರಾಯರು ಇದೇ ಹೆಣ್ಣುಮಗಳನ್ನು ಮುದ್ದತ್ತಿನ ಮೇಲೆ ಮುದ್ದತ್ತು ತೆಗೆದು ಹೈರಾಣ ಮಾಡಿದ್ದರು. ಆಕೆ ಮರೆತಿರಲಿ ಎಂದು ದೇವರನ್ನು ಬೇಡಿಕೊಳ್ಳುತ್ತ ಒಳಗೆ ಹೋದರು.

ಕೋರ್ಟಿನ ಆವರಣದ ಮೂಲೆಯ ಕೋಣೆಗೆ ಸುಣ್ಣ ಹಚ್ಚಿ ಒಂದು ದುಂಡು ಮೇಜು ಹಾಕಿದ್ದರು. ಕಟಕಟೆ ಇಲ್ಲ, ಎತ್ತರದ ಕುರ್ಚಿ ಇಲ್ಲ. ಎಲ್ಲಿ ಕೂತರೆ ಪ್ರತಿವಾದಿಯ ಜಾಗವಾಗುತ್ತದೆಂದು ತಿಳಿಯದೆ ರಾಯರು ಮೇಜನ್ನು ಒಂದು ಸುತ್ತು ಹಾಕಿದರು.

"ಎಲ್ಲ್ಯರ ಕುಂದರ್ರಿ ರಾಯರ" ಎಂದರು ರಾಜೇಶ್ವರಿ. "ಕೋಟು ತಗೀರಿ, ಸೆಕಿ ಐತಿ. ಮತ್ತ ಇಲ್ಲಿ ಮುದ್ದತ್ತೂ ಇಲ್ಲ, ತಕರಾರೂ ಇಲ್ರಿ."

ಮರೆತಿರಲಿಲ್ಲ. ರಾಯರು ತೆಪ್ಪಗೆ ಕೋಟು ತೆಗೆದು ಮಡಿಲಲ್ಲಿಟ್ಟುಕೊಂಡರು.

ರಾಜೇಶ್ವರಿ ಎಲ್ಲರಿಗೂ ನಿಯಮ ತಿಳಿಸಿದರು. ಇಲ್ಲಿ ಆಡಿದ ಮಾತು ಇಲ್ಲೇ ಉಳಿಯುತ್ತದೆ, ನಾಳೆ ಕೋರ್ಟಿನಲ್ಲಿ ಸಾಕ್ಷಿಯಾಗುವುದಿಲ್ಲ. ವಕೀಲರು ಪಕ್ಕದಲ್ಲಿರುತ್ತಾರೆ, ಮಾತಾಡಬೇಕಾದವರು ಅಕ್ಕ ತಮ್ಮ. "ನೀವ ಸುರು ಮಾಡ್ರಿ ಬಸಂತರಾಯರ" ಎಂದರು.

"ನಮ್ಮ ವಕೀಲ್ರು ಹೇಳ್ತಾರ್ರಿ" ಎಂದ ಬಸಂತರಾಯ.

"ಗುರವ್ವಕ್ಕಾರ, ನೀವು?"

"ನಮ್ಮ ಪರವಾಗಿ ಇವರು ಹೇಳ್ತಾರ್ರಿ" ಎಂದು ಗುರವ್ವ ತನ್ನ ವಕೀಲ ತೌಸಿಫನ ಕಡೆ ಕೈ ಮಾಡಿದಳು. ಲ್ಯಾಪ್‌ಟಾಪು ತೆರೆದುಕೊಂಡು ಕೂತಿದ್ದ ಆ ತರುಣ ಮುಜುಗರದಿಂದ ನಕ್ಕ. ಒಂಬತ್ತು ವರ್ಷ ಇಬ್ಬರಿಗೂ ಕಲಿಸಿದ್ದು ಅದೊಂದೇ ಪಾಠ. ಎದುರಿನವರ ಜೋಡಿ ಮಾತಾಡಬೇಡ, ಏನು ಅಂದರೂ ಅದು ಸಾಕ್ಷಿಯಾಗುತ್ತದೆ, ಕೇಳಿದರೆ ವಕೀಲರ ಕಡೆ ತೋರಿಸು. ಪಾಠವನ್ನು ಇಷ್ಟು ಚೆನ್ನಾಗಿ ಕಲಿತ ವಿದ್ಯಾರ್ಥಿಗಳು ಯಾವ ಶಾಲೆಯಲ್ಲೂ ಸಿಗಲಿಕ್ಕಿಲ್ಲ.

ರಾಜೇಶ್ವರಿ ಚಹಾ ತರಿಸಿದರು. ದಾವೆಯ ಸುದ್ದಿಯನ್ನೇ ಎತ್ತದೆ, ನಿಮ್ಮ ಕಡೆ ಮಳೆ ಹೇಗಿದೆ, ಬಿತ್ತನೆ ಆಯಿತೇ ಎಂದು ಕೇಳಿದರು. ತೊಗರಿ ಬಿತ್ತಿದ್ದಾಗಿದೆ ಎಂದ ಬಸಂತರಾಯ.

"ಹಳ್ಳದ ಹೊಲದಾಗೂ ತೊಗರೀನ ಬಿತ್ತೀಯೇನು?" ಗುರವ್ವ ಚಹಾದಿಂದ ತಲೆ ಎತ್ತಿ ಕೇಳಿಬಿಟ್ಟಳು. "ಅದು ನೀರ ಹಿಡಿಯೂ ಎರಿ ಭೂಮಿ. ತೊಗರಿ ಸಿಡಿ ಹಾಯ್ದು ಒಣಗತೈತಿ. ಅದಕ ಹಿಂಗಾರಿ ಜೋಳಾನ ಛಲೋ."

"ಅವ್ವನೂ ಹಂಗ ಅಂತಿದ್ಲು" ಎಂದ ಬಸಂತರಾಯ.

"ಅವ್ವ ಅಂದಿದ್ದ ನಾ ಅನ್ನಾಕತ್ತೇನಿ."

ಅಲ್ಲಿಂದ ಮಾತು ಹೇಗೆ ಹರಿಯಿತೆಂಬುದು ರಾಯರಿಗೆ ತಿಳಿಯಲೇ ಇಲ್ಲ. ಹಳ್ಳದ ಹೊಲ, ಅದರ ದಂಡೆಯ ಬನ್ನಿ ಮರ, ಎಡವಿ ಬಿದ್ದ ಹಳೆಯ ಎತ್ತು. ಚಹಾ ಮುಗಿಯುವಷ್ಟರಲ್ಲಿ ಬಸಂತರಾಯ, "ಆ ಹಳ್ಳದ ಹೊಲಾ ನೀನ ತಗೋ ಯಕ್ಕಾ. ಮ್ಯಾಲಿನ ಮಸಾರಿ ಹೊಲಾ ನನಗಿರ್ಲಿ. ಎರಡೂ ಸಮ ಆಗತಾವ" ಎಂದ. ರಾಯರಿಗೆ ಚಹಾ ನೆತ್ತಿಗೆ ಹತ್ತಿತು. ಒಂಬತ್ತು ವರ್ಷ ತಾವು ಕೋಟೆ ಕಟ್ಟಿ ಕಾಯ್ದ ಹೊಲವನ್ನು ಈ ಮನುಷ್ಯ ಒಂದು ಕಪ್ಪು ಚಹಾದಲ್ಲಿ ಬಿಟ್ಟುಕೊಡುತ್ತಿದ್ದಾನೆ! ಬಾಯಿ ತೆರೆದರು. ರಾಜೇಶ್ವರಿ ಅವರ ಕಡೆ ನೋಡಿದರು. ಬಾಯಿ ಮುಚ್ಚಿದರು. ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರಲ್ಲ, ಆ ಬಂಗಾರ ಇಷ್ಟು ಭಾರ ಎಂದು ಅವರಿಗೆ ಅಂದೇ ತಿಳಿದದ್ದು.

ಚಕ್ಕುಬಂದಿ ಮಾತಾಯಿತು, ಅಳತೆ ಮಾಡಿಸುವುದು ಮಾತಾಯಿತು. ತೌಸಿಫ ಕರಾರು ಬರೆದು ಅಲ್ಲೇ ಛಾಪಿಸಿ ತಂದ. ಬಸಂತರಾಯ ಸಹಿ ಹಾಕಿದ. ಪೆನ್ನು ಗುರವ್ವನ ಮುಂದೆ ಬಂತು. ಆಕೆ ಅದನ್ನು ಮುಟ್ಟಲಿಲ್ಲ.

"ಹೊಲದ ಮಾತ ಮುಗೀತ್ರಿ. ನನ್ನ ಮಾತ ಇನ್ನೂ ಐತಿ. ಇಲ್ಲಿ ನಾ ಪ್ರಶ್ನೆ ಕೇಳಬೌದಾ?"

"ಯಾವ ಪ್ರಶ್ನೆ ಬೇಕಾದ್ರೂ ಕೇಳ್ರಿ" ಎಂದರು ರಾಜೇಶ್ವರಿ.

"ಬಸೂ, ಪಂಚಮಿಗೆ ಕರಿಯಾಕ ಬರೂದು ಯಾಕ ಬಿಟ್ಟಿ?"

ರಾಯರು ಕುರ್ಚಿಯಲ್ಲಿ ಮುಂದೆ ಸರಿದು ಕೂತರು. ಅಂತೂ ಉತ್ತರ ಸಿಗುವ ಹೊತ್ತು ಬಂತು ಎಂದು ಅವರಿಗೆ ಒಳಗೊಳಗೇ ಖುಷಿಯಾಯಿತು.

"ತಪ್ಪಾತು ಯಕ್ಕಾ" ಎಂದ ಬಸಂತರಾಯ, ಮೇಜು ನೋಡುತ್ತ.

"ತಪ್ಪೋ ಒಪ್ಪೋ ನಾ ಕೇಳಲಿಲ್ಲ. ಯಾಕ ಅಂತ ಕೇಳೇನಿ."

"ಹೊಲಾಮನಿ ಕೆಲಸ ಇರ್ತಿತ್ತು..."

"ಪಂಚಮಿ ದಿನಾ ಯಾವ ಒಕ್ಕಲಮಗ ನೆಲಾ ಕೆದರ್ತಾನ? ನಾಗಪ್ಪನ ಹಬ್ಬದಾಗ ಕುಡಗೋಲು ಸೈತ ಮುಟ್ಟೂದಿಲ್ಲ."

ವಾಹ್, ಎಂದುಕೊಂಡರು ರಾಯರು. ಪಾಟೀಸವಾಲು ಎಂದರೆ ಇದು.

"ಹೆಂಡ್ತಿ ಬ್ಯಾಡ ಅಂದ್ಲೇನು?"

"ಆಕಿ ಯಾಕಂದಾಳು? ಆಕಿನ ಹೋಗ್ರಿ ಹೋಗ್ರಿ ಅಂತ ಜೀವಾ ತಿಂತಿದ್ಲು."

"ನನ್ನ ಮ್ಯಾಲ ಸಿಟ್ಟಿತ್ತೇನು?"

"ಮೊದಲ ಇತ್ತು. ಒಂದ ವರ್ಷ. ಮುಂದ ಇರಲಿಲ್ಲ."

"ಕೆಲಸ ಇರಲಿಲ್ಲ, ಹೆಂಡ್ತಿ ಬ್ಯಾಡನ್ನಲಿಲ್ಲ, ಸಿಟ್ಟೂ ಇರಲಿಲ್ಲ. ಮತ್ತ ಯಾರು ತಡದ್ರು ನಿನ್ನ?"

ಬಸಂತರಾಯ ಟವೆಲ್ಲಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತ. ಯಾರು ತಡೆದಿರಬಹುದು ಎಂದು ರಾಯರು ಮನಸ್ಸಿನಲ್ಲೇ ಒಬ್ಬೊಬ್ಬರನ್ನು ನಿಲ್ಲಿಸಿ ನೋಡತೊಡಗಿದರು. ಊರ ಗೌಡನೇ? ದಾಯಾದಿಗಳೇ? ಹಾಗೆ ಹುಡುಕುತ್ತ ಹುಡುಕುತ್ತ ಅವರಿಗೆ ತಮ್ಮದೇ ಕಚೇರಿ ನೆನಪಾಯಿತು.

ದಾವೆಯ ಮೊದಲ ವರ್ಷ. ಶ್ರಾವಣ ಹತ್ತಿರವಿತ್ತು. ಬಸಂತರಾಯ ಬಾಗಿಲಲ್ಲಿ ನಿಂತು, "ಸಾಹೇಬ್ರ, ಪಂಚಮಿ ಬಂತು. ಅಕ್ಕನ್ನ ಕರಕೊಂಡ ಬರ್ಲೇನ್ರಿ?" ಎಂದು ಕೇಳಿದ್ದ. ರಾಯರು ಕಾಗದದಿಂದ ಕಣ್ಣು ಎತ್ತಿರಲಿಲ್ಲ. ಅಪ್ಪ ಇದ್ದಾಗಲೇ ಬಾಯಿಮಾತಿನಲ್ಲಿ ವಾಟ್ನಿ ಆಗಿದೆ, ಅಕ್ಕನಿಗೂ ಈ ಮನೆಗೂ ಈಗ ಲೇನಾದೇನಾ ಇಲ್ಲ ಎಂಬುದು ಅವರು ಆಗ ಹೆಣೆಯುತ್ತಿದ್ದ ವಾದ. "ಬ್ಯಾಡ. ಮನೀಗೆ ಕರಕೊಂಡು ಬಂದ್ರ ಇನ್ನೂ ಕೂಡುಕುಟುಂಬ ಅದ ಅಂತ ಅವರು ಸಾಧಿಸ್ತಾರ. ಕೇಸ್ ಮುಗಿಯೂ ತನಕಾ ಆಕಿ ಮನಿ ಕಡೆ ಹೋಗಬ್ಯಾಡ" ಎಂದಿದ್ದರು. ಅಷ್ಟೇ. ಎಲೆ ಅಡಿಕೆ ಉಗುಳಿ ಬರುವಷ್ಟೂ ಹೊತ್ತು ಹಿಡಿದಿರಲಿಲ್ಲ.

ಆಮೇಲೆ ಕಾಯ್ದೆಯ ಗಾಳಿ ತಿರುಗಿತು. ಮಗಳಿಗೆ ಹುಟ್ಟಿನಿಂದಲೇ ಪಾಲು ಇದೆ, ಬಾಯಿಮಾತಿನ ವಾಟ್ನಿಯನ್ನು ಸುಮ್ಮಸುಮ್ಮನೆ ನಂಬಬಾರದು ಎಂದು ದಿಲ್ಲಿಯ ದೊಡ್ಡ ಕೋರ್ಟು ಹೇಳಿತು. ರಾಯರ ವಾದ ಕಣದ ಹೊಟ್ಟಿನಂತೆ ಹಾರಿಹೋಯಿತು. ಅವರು ಅದನ್ನು ಬಿಟ್ಟು, ಇನ್ನು ಕಾಲ ದೂಡುವುದೊಂದೇ ದಾರಿ ಎಂದು ಮುದ್ದತ್ತಿನ ಮೇಲೆ ಮುದ್ದತ್ತು ತೆಗೆದರು. ವಾದ ಬಿಟ್ಟವರು ಸಲಹೆಯನ್ನು ಹಿಂದೆ ತೆಗೆದುಕೊಳ್ಳಲಿಲ್ಲ. ಈಗ ಹೋಗಿ ಅಕ್ಕನನ್ನು ಕರೆದುಕೊಂಡು ಬಾ ಎಂದು ಹೇಳಬೇಕೆಂಬುದು ಅವರಿಗೆ ಹೊಳೆಯಲೇ ಇಲ್ಲ. ಕೇಸು ಮುಗಿಯುವ ತನಕ ಬೇಡ ಎಂದವರೂ ಅವರೇ, ಕೇಸು ಮುಗಿಯದಂತೆ ನೋಡಿಕೊಂಡವರೂ ಅವರೇ.

ಬಸಂತರಾಯ ಹೆಸರು ಹೇಳಲಾರ. ಒಕ್ಕಲುತನದ ಮನುಷ್ಯ, ವಕೀಲರ ಮಾನ ಕಾಯುತ್ತಾನೆ. ವಕೀಲ ಮತ್ತು ಪಕ್ಷಗಾರರ ನಡುವಿನ ಮಾತನ್ನು ಕಾಯ್ದೆಯೂ ಕಾಯುತ್ತದೆ. ಸುಮ್ಮನಿರಿ ಎಂದು ಈ ಕೋಣೆಯ ನಿಯಮವೇ ಹೇಳುತ್ತದೆ. ರಾಯರಿಗೆ ಸುಮ್ಮನಿರಲು ಬೇಕಾದಷ್ಟು ಆಧಾರಗಳಿದ್ದವು. ಎದುರಿಗೆ ಗುರವ್ವ ತಮ್ಮನ ಮುಖವನ್ನೇ ನೋಡುತ್ತ ಕೂತಿದ್ದಳು.

"ನಾ ತಡದೆ" ಎಂದರು ರಾಯರು.

ಗುರವ್ವ ನಿಧಾನವಾಗಿ ಅವರ ಕಡೆ ತಿರುಗಿದಳು.

"ಕೇಸ್ ಮುಗಿಯೂ ತನಕಾ ಹೋಗಬ್ಯಾಡ ಅಂತ ನಾನ ಹೇಳಿದ್ದೆ. ಆ ಮಾತು ಕೇಸಿಗೆ ಒಂದು ದಿನಾನೂ ಉಪಯೋಗಕ್ಕ ಬರಲಿಲ್ಲ. ಆಮ್ಯಾಲೆ ಹೋಗು ಅಂತ ಹೇಳಬೇಕಿತ್ತು. ಮರತೆ. ಇವತ್ತಿನ ತನಕಾ ನನಗ ನೆನಪೂ ಇರಲಿಲ್ಲ."

"ನನಗ ನೆನಪಿತ್ರಿ" ಎಂದ ಬಸಂತರಾಯ, ಮೆಲ್ಲಗೆ. "ಪ್ರತಿ ಶ್ರಾವಣಕ್ಕ ಬಂದು ಕೇಳ್ತಿದ್ನಲ್ರಿ, ಕೇಸ್ ಯಾವಾಗ ಮುಗೀತೈತಿ ಅಂತ. ಮುಂದಿನ ತಾರೀಖಿಗೆ ನೋಡೂಣು ಅಂತಿದ್ರಿ."

ಹೌದು, ಕೇಳುತ್ತಿದ್ದ. ಎಲ್ಲ ಪಕ್ಷಗಾರರೂ ಕೇಳುವ ಪ್ರಶ್ನೆ ಎಂದು ರಾಯರು ಎಲ್ಲರಿಗೂ ಕೊಡುವ ಉತ್ತರವನ್ನೇ ಕೊಟ್ಟಿದ್ದರು. ಮೂಗಿನ ತುದಿ ಕೆಂಪಾಯಿತು. ಈ ಸಲ ಅದು ಸಿಟ್ಟಿನಿಂದಲ್ಲ, ನಾಚಿಕೆಯಿಂದ. ಗುರವ್ವ ಈಗ ಬೈಯುತ್ತಾಳೆ, ಬೈಯಲಿ, ಬೈಸಿಕೊಂಡು ಹಗುರಾಗುತ್ತೇನೆ ಎಂದು ಅವರು ಕಾದರು. ಆಕೆ ಅವರಿಗೆ ಆ ಉಪಕಾರ ಮಾಡಲಿಲ್ಲ. ತಮ್ಮನ ಕಡೆಗೇ ತಿರುಗಿದಳು.

"ಅವರು ಬ್ಯಾಡಂದ್ರು, ಖರೆ. ಅವರ ಕಸಬು ಅದು. ಹೋಗು ಅಂತ ಹೇಳಾಕ ಮನ್ಯಾಗ ಹೆಂಡ್ತಿ ಇದ್ಲು. ಅವ್ವ ಸಾಯೂಮುಂದ ನನ್ನ ಕೈ ನಿನ್ನ ಕೈಯಾಗ ಇಟ್ಟು ಏನ ಹೇಳಿದ್ಲು ನಿನಗ ಗೊತ್ತೈತಿ. ಇಷ್ಟ ಮಂದಿಯೊಳಗ ನೀ ವಕೀಲರ ಮಾತ ಒಂದ ಯಾಕ ಹಿಡದಿ? ಅದು ಅವರಿಗೆ ಗೊತ್ತಿರೂದಿಲ್ಲ. ನಿನಗ ಗೊತ್ತು."

ತೌಸಿಫ ಲ್ಯಾಪ್‌ಟಾಪು ಮುಚ್ಚಿದ. ಬಸಂತರಾಯ ಟವೆಲ್ಲಿನಿಂದ ಮುಖ ಒರೆಸಿಕೊಂಡ, ಮತ್ತೆ ಒರೆಸಿಕೊಂಡ.

"ಹೊಲಾ ಉಳೀತೈತಿ ಅಂದ್ರು ಯಕ್ಕಾ. ಅದಕ ಹಿಡದೆ. ಹೊಲದ ಆಸೆ."

"ಹಾಂ" ಎಂದಳು ಗುರವ್ವ. ಬಹಳ ಹೊತ್ತು ಹೊತ್ತ ಕೊಡ ಇಳಿಸಿದವರ ಹಾಗೆ ಉಸಿರು ಬಿಟ್ಟಳು. "ಇದನ್ನ ಕೇಳಾಕ ಬಂದಿದ್ದೆ ನಾ. ಹೊಲದ ಆಸೆ ನನಗೂ ಐತಿ, ಇಲ್ಲಾಂದ್ರ ದಾವೆ ಹಾಕ್ತಿದ್ದಿಲ್ಲ. ಅದನ್ನ ಹೇಳಾಕ ಇಷ್ಟ ವರ್ಷ ಬೇಕಾತು ನಿನಗ."

ಪೆನ್ನು ತೆಗೆದುಕೊಂಡು ಕರಾರಿನ ಪ್ರತಿ ಪುಟಕ್ಕೂ ಸಹಿ ಹಾಕಿದಳು. ಹಳ್ಳದ ಹೊಲ ಆಕೆಯದಾಯಿತು. ಬಸಂತರಾಯ ಮೂಗು ಸೇದುತ್ತ, "ಈ ಪಂಚಮಿಗೆ ಬರ್ತೇನಿ ಯಕ್ಕಾ. ಬೇಕಾರ ಅದನ್ನೂ ಕಾಗದದಾಗ ಬರಸು" ಎಂದ.

"ಬ್ಯಾಡ. ಬರಸಿದ್ರ ಕೋರ್ಟಿಗಂಜಿ ಬಂದಂಗ ಆಗತೈತಿ."

ಹೊರಗೆ ಬಿಸಿಲಿತ್ತು. ಬಸಂತರಾಯ ಮೋಟರ್‌ಸೈಕಲ್ಲಿನ ಮೇಲೆ ಬಸ್‌ಸ್ಟ್ಯಾಂಡಿಗೆ ಬಿಡುತ್ತೇನೆ ಎಂದದ್ದಕ್ಕೆ ಗುರವ್ವ ಒಲ್ಲೆ ಎಂದು ನಡೆದೇ ಹೊರಟಿದ್ದಳು. ರಾಯರಿಗೆ ತಡೆಯಲಾಗಲಿಲ್ಲ. ಕೋಟನ್ನು ತೋಳಿನ ಮೇಲೆ ಹಾಕಿಕೊಂಡು ಗೇಟಿನವರೆಗೆ ಬೆನ್ನು ಹತ್ತಿದರು.

"ಗುರವ್ವಾ, ಒಂದು ಮಾತು. ಅಂವ ಕರೀಲಿಕ್ಕೆ ಬಂದ್ರ ನೀವು ಹೋಗ್ತೀರೇನು?"

ಗುರವ್ವ ಸೆರಗು ತಲೆಯ ಮೇಲೆ ಎಳೆದುಕೊಂಡು ಅವರನ್ನು ಮೇಲಿನಿಂದ ಕೆಳಗೆ ನೋಡಿದಳು. ನಕ್ಕಳೋ ಇಲ್ಲವೋ ರಾಯರಿಗೆ ತಿಳಿಯಲಿಲ್ಲ.

"ನಿಮಗ ಹೇಳಿದ್ರ ನೀವು ಅಂವಗ ಹೇಳ್ತೀರಿ ರಾಯರ. ಅಕ್ಕ ಬರ್ತಾಳ ಅಂತ ತಿಳದು ಬರೂದು ದೊಡ್ಡ ಮಾತಲ್ಲ. ಇಷ್ಟ ವರ್ಷ ಪಂಚಮಿಗೆ ಹಾದಿ ನೋಡಕೋತ ನಾ ಬಾಗಲದಾಗ ನಿಂತಾಗ ಅಂವ ಬರ್ತಾನೋ ಇಲ್ಲೋ ನನಗ ಯಾರ ಹೇಳಿದ್ರು? ಅಂವನೂ ಹಂಗ ಬರ್ಲಿ, ಗೊತ್ತಿಲ್ಲದ."